ಪೊಲೀಸರ ವಾಕಿಟಾಕಿ ಮೂಕವಾದರೆ ಖರ್ಚು ಯಾರದು?

ಅಕ್ಕಪಕ್ಕ ಎರಡು ಹೊಲ. ಒಬ್ಬರು ತಮ್ಮ ಹೊಲಕ್ಕೆ ಕಳೆನಾಶಕ ಹೊಡೆಯುತ್ತಾರೆ. ಗಾಳಿ ಬೀಸಿ ಪಕ್ಕದ ಹೊಲದ ತೊಗರಿ ಸುಟ್ಟುಹೋಗುತ್ತದೆ. ಕೇಳಲು ಹೋದರೆ, 'ನನ್ನ ಹೊಲದಲ್ಲಿ ನಾನು ಹೊಡೆದದ್ದು, ನನ್ನದೇನು ತಪ್ಪು?' ಎನ್ನುತ್ತಾರೆ. ಇಂಥ ಜಗಳ ನಮಗೆ ಹೊಸದಲ್ಲ. ಇದೇ ಬಗೆಯ ಜಗಳವೊಂದು ಅಮೆರಿಕದಲ್ಲಿ ರೇಡಿಯೊ ತರಂಗಗಳ ವಿಷಯಕ್ಕೆ ನಡೆಯಿತು. ಒಂದು ಕಡೆ ಪೊಲೀಸರು, ಅಗ್ನಿಶಾಮಕ ದಳದವರು. ಇನ್ನೊಂದು ಕಡೆ ನೆಕ್ಸ್‌ಟೆಲ್ ಎಂಬ ಮೊಬೈಲ್ ಕಂಪನಿ. ಮೂರು ವರ್ಷದಲ್ಲಿ ಸರಿಪಡಿಸುತ್ತೇವೆ ಎಂದು ಶುರುಮಾಡಿದ ಕೆಲಸಕ್ಕೆ ಹದಿನಾರು ವರ್ಷ ಹಿಡಿಯಿತು. ಅಲ್ಲಿಯ ಕಥೆಯಿಂದ ನಾವು ಕಲಿಯಬೇಕಾದ್ದು ಇದೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಜಗಳದ ಮೂಲ ನೋಡೋಣ. ಅಲ್ಲಿ ತರಂಗಾಂತರ ಹಂಚುವ ಸಂಸ್ಥೆಯ ಹೆಸರು ಎಫ್‌ಸಿಸಿ. 1970ರ ದಶಕದಲ್ಲಿ ಅದು 800 ಮೆಗಾಹರ್ಟ್ಸ್ ಪಟ್ಟಿಯನ್ನು ವಾಹನಗಳ ರೇಡಿಯೊಗೆಂದು ತೆರೆಯಿತು. ಆ ಪಟ್ಟಿಯಲ್ಲಿ ಪೊಲೀಸರ ಚಾನೆಲ್, ಟ್ಯಾಕ್ಸಿಯವರ ಚಾನೆಲ್, ಕಾರ್ಖಾನೆಯವರ ಚಾನೆಲ್ ಎಲ್ಲ ಒಂದರ ಪಕ್ಕ ಒಂದು ಬೆರೆತುಹೋದವು. ತುಂಡು ತುಂಡಾದ ಜಮೀನಿನಲ್ಲಿ ನಿಮ್ಮದೊಂದು ಪಟ್ಟೆ, ನಮ್ಮದೊಂದು ಪಟ್ಟೆ ಇರುವ ಹಾಗೆ. ಆಗ ತೊಂದರೆ ಆಗಲಿಲ್ಲ. ಎಲ್ಲರೂ ಬೆಳೆಯುತ್ತಿದ್ದದ್ದು ಒಂದೇ ಬೆಳೆ: ಊರಿಗೊಂದು ಎತ್ತರದ ಟವರ್, ಅದರಿಂದ ಸುತ್ತಲ ಹತ್ತಾರು ಮೈಲಿಗೆ ಮಾತು.

ಬೆಳೆ ಬದಲಾದದ್ದು ಆಮೇಲೆ. 1987ರಲ್ಲಿ ಫ್ಲೀಟ್ ಕಾಲ್ ಎಂಬ ಕಂಪನಿ ಹುಟ್ಟಿತು. ಟ್ಯಾಕ್ಸಿ, ಲಾರಿಯವರಿಗೆ ರೇಡಿಯೊ ಸೇವೆ ಕೊಡುತ್ತಿದ್ದ ಸಣ್ಣ ಸಣ್ಣ ಲೈಸೆನ್ಸುಗಳನ್ನು ಕೊಂಡುಕೊಂಡು ಅದು ದೊಡ್ಡದಾಯಿತು. 1991ರಲ್ಲಿ, ಅದೇ ಚಾನೆಲ್‌ಗಳಲ್ಲಿ ಮೊಬೈಲ್ ಫೋನಿನಂಥ ಜಾಲ ನಡೆಸಲು ಎಫ್‌ಸಿಸಿ ಒಪ್ಪಿಗೆ ಕೊಟ್ಟಿತು. 1993ರಲ್ಲಿ ಕಂಪನಿಯ ಹೆಸರು ನೆಕ್ಸ್‌ಟೆಲ್ ಆಯಿತು. ಒಂದು ಎತ್ತರದ ಟವರ್ ಇದ್ದ ಊರಿನಲ್ಲಿ ಈಗ ಗಲ್ಲಿಗೊಂದು ಕುಳ್ಳ ಟವರ್ ಬಂತು.

ಅಲ್ಲಿಂದ ಪೊಲೀಸರ ವಾಕಿಟಾಕಿಗೆ ಕಷ್ಟ ಶುರುವಾಯಿತು. ಜಾತ್ರೆಯಲ್ಲಿ ಮೈಕಿನ ಬಾಕ್ಸ್ ಪಕ್ಕ ನಿಂತವರಿಗೆ ದೂರದಿಂದ ಕೂಗುವ ಅಮ್ಮನ ದನಿ ಕೇಳುವುದಿಲ್ಲ. ಹಾಗೆಯೇ ಪೊಲೀಸರ ಸ್ವಂತ ಟವರ್ ಮೈಲಿಗಟ್ಟಲೆ ದೂರ, ನೆಕ್ಸ್‌ಟೆಲ್ ಟವರ್ ಪಕ್ಕದ ಕಟ್ಟಡದ ಮೇಲೆ. ಬಳಿಯ ಜೋರು ಸಿಗ್ನಲ್ ದೂರದ ಸಣ್ಣ ಸಿಗ್ನಲ್ಲನ್ನು ಮುಳುಗಿಸಿಬಿಡುತ್ತಿತ್ತು. ಮೇರಿಲ್ಯಾಂಡ್ ರಾಜ್ಯದ ಆನ್ ಅರಂಡೆಲ್ ಕೌಂಟಿ, ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್, ಫೀನಿಕ್ಸ್, ಡೆನ್ವರ್ ಹೀಗೆ ಹಲವು ಕಡೆಯಿಂದ ದೂರು ಬಂದವು. ಬೆಂಕಿಯೊಳಗೆ ನುಗ್ಗಿದವರಿಗೆ, ಕಳ್ಳನ ಬೆನ್ನು ಹತ್ತಿದವರಿಗೆ ರೇಡಿಯೊ ಕೈಕೊಟ್ಟರೆ ಅದು ಪ್ರಾಣದ ಪ್ರಶ್ನೆ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ನೆಕ್ಸ್‌ಟೆಲ್ ಯಾವ ನಿಯಮವನ್ನೂ ಮುರಿದಿರಲಿಲ್ಲ. ತನ್ನ ಲೈಸೆನ್ಸಿನ ಮಿತಿಯೊಳಗೇ ಇತ್ತು. ಪೊಲೀಸರೂ ತಪ್ಪು ಮಾಡಿರಲಿಲ್ಲ. ಎರಡು ಬೇರೆ ಬೇರೆ ಬೆಳೆಯನ್ನು ಬದುವಿಲ್ಲದೆ ಒಂದೇ ಹೊಲದಲ್ಲಿ ಬೆಳೆಯಲು ಬಿಟ್ಟದ್ದೇ ತಪ್ಪು. ಆ ತಪ್ಪು ಹಂಚಿಕೆ ಮಾಡಿದವರದು.

ಪರಿಹಾರವೂ ಹಳ್ಳಿಯವರಿಗೆ ಗೊತ್ತಿರುವಂಥದ್ದೇ: ಅದಲು ಬದಲು. ಚದುರಿದ ತುಂಡುಗಳನ್ನು ಬದಲಾಯಿಸಿಕೊಂಡು, ಒಬ್ಬೊಬ್ಬರದು ಒಂದೊಂದು ಕಡೆ ಬರುವಂತೆ ಮಾಡುವುದು. 2001ರಲ್ಲಿ ಇಂಥ ಯೋಜನೆಯನ್ನು ನೆಕ್ಸ್‌ಟೆಲ್ ತಾನೇ ಮುಂದಿಟ್ಟಿತು. 2004ರ ಜುಲೈನಲ್ಲಿ ಎಫ್‌ಸಿಸಿ ತೀರ್ಮಾನ ಕೊಟ್ಟಿತು. ಪೊಲೀಸರು, ಅಗ್ನಿಶಾಮಕದವರು ಪಟ್ಟಿಯ ಕೆಳಭಾಗಕ್ಕೆ, ನೆಕ್ಸ್‌ಟೆಲ್ ಮೇಲ್ಭಾಗಕ್ಕೆ. ನಡುವೆ ಬದುವಿನ ಹಾಗೆ ಸ್ವಲ್ಪ ಜಾಗ. ಸ್ಥಳಾಂತರದ ಖರ್ಚೆಲ್ಲ ನೆಕ್ಸ್‌ಟೆಲ್‌ದು. ಅದಕ್ಕೆ ಪ್ರತಿಯಾಗಿ 1.9 ಗಿಗಾಹರ್ಟ್ಸ್‌ನಲ್ಲಿ ಕಂಪನಿಗೆ 10 ಮೆಗಾಹರ್ಟ್ಸ್ ಸಿಕ್ಕಿತು. ಅದರ ಬೆಲೆಯನ್ನು ಎಫ್‌ಸಿಸಿ ಸುಮಾರು 480 ಕೋಟಿ ಡಾಲರ್ ಎಂದು ಲೆಕ್ಕ ಹಾಕಿತು. ಹರಾಜಿಲ್ಲದೆ ಇಷ್ಟು ಕೊಡುವುದು ಸರಿಯಲ್ಲ ಎಂದು ಪ್ರತಿಸ್ಪರ್ಧಿ ವೆರೈಝನ್ ವಯರ್‌ಲೆಸ್ ಗಲಾಟೆ ಮಾಡಿತು. ಆ ಆಕ್ಷೇಪದಲ್ಲಿ ಹುರುಳಿಲ್ಲದಿರಲಿಲ್ಲ. ಆದರೆ ಪೊಲೀಸ್ ಠಾಣೆಗಳು ತೆರಿಗೆದಾರರ ದುಡ್ಡಿನಲ್ಲಿ ರೇಡಿಯೊ ಬದಲಿಸುವುದಕ್ಕಿಂತ ಈ ದಾರಿಯೇ ವಾಸಿ ಎನ್ನುತ್ತೇವೆ ನಾವು.

ಕೆಲಸ ಶುರುವಾದದ್ದು 2005ರ ಜೂನ್‌ನಲ್ಲಿ. 2008ಕ್ಕೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಪೊಲೀಸ್ ರೇಡಿಯೊವನ್ನು ಒಂದು ದಿನ ಬಂದ್ ಮಾಡಿ ರಿಪೇರಿ ಮಾಡುವ ಹಾಗಿಲ್ಲ. ಪ್ರತಿ ಜೀಪಿನ, ಪ್ರತಿ ಸಿಬ್ಬಂದಿಯ ಸೆಟ್ಟನ್ನು ಹೊಸ ಚಾನೆಲ್‌ಗೆ ಹೊಂದಿಸಬೇಕು, ಹಳೆಯದಾದರೆ ಬದಲಿಸಬೇಕು. ದೊಡ್ಡ ಬೆಂಕಿ ಬಿದ್ದರೆ ಪಕ್ಕದ ಕೌಂಟಿಯವರೂ ಬರುವುದರಿಂದ ಅವರನ್ನೂ ಜೊತೆಗೇ ಸಾಗಿಸಬೇಕು. ಮೆಕ್ಸಿಕೊ ಗಡಿಯಲ್ಲಿ ಇನ್ನೂ ಕಷ್ಟ, ಏಕೆಂದರೆ ತರಂಗಕ್ಕೆ ಗಡಿ ಗೊತ್ತಿಲ್ಲ. ಎರಡು ದೇಶಗಳ ನಡುವೆ ಹೊಸ ಒಪ್ಪಂದವಾದದ್ದು 2012ರಲ್ಲಿ. ಕೊನೆಗೆ 2,100ಕ್ಕೂ ಹೆಚ್ಚು ಲೈಸೆನ್ಸುದಾರರನ್ನು ಸ್ಥಳಾಂತರಿಸಿ, 2021ರಲ್ಲಿ ಎಫ್‌ಸಿಸಿ ಕೆಲಸ ಮುಗಿಯಿತೆಂದು ಘೋಷಿಸಿತು.

ಇದರಿಂದ ನಾವು ಹೇಳುವುದು ಇಷ್ಟೇ. ಜೀವ ಉಳಿಸುವವರ ತರಂಗಾಂತರವನ್ನು ಮಾರಾಟಕ್ಕೆ ಮೊದಲೇ ಬೇರೆ ತೆಗೆದಿಡಬೇಕು. ಮೊದಲು ಬೆರೆಸಿ ಆಮೇಲೆ ಬೇರ್ಪಡಿಸಲು ಹೋದರೆ ಒಂದು ತಲೆಮಾರು ಕಳೆದುಹೋಗುತ್ತದೆ. ಬದಲಾವಣೆಯಿಂದ ಲಾಭ ಪಡೆಯುವವರು ಖರ್ಚು ಹೊರಬೇಕು. ರಕ್ಷಣೆ ಕೇಳುವವರಿಗೂ ಹೊಣೆಯಿದೆ: ಪೂರ್ತಿ ರಕ್ಷಣೆ ಬೇಕಾದರೆ ನಿಮ್ಮ ರೇಡಿಯೊಗೂ ಕನಿಷ್ಠ ಗುಣಮಟ್ಟ ಇರಬೇಕು ಎಂದು ಎಫ್‌ಸಿಸಿ ಪೊಲೀಸರಿಗೂ ಹೇಳಿತ್ತು. ಅದು ನ್ಯಾಯ.

ಇದು ದೂರದ ದೇಶದ ಮಾತು ಎಂದು ಬಿಡುವ ಹಾಗಿಲ್ಲ. ಪೊಲೀಸ್, ಅಗ್ನಿಶಾಮಕ, ವಿಪತ್ತು ಪರಿಹಾರದವರಿಗೆ ಪ್ರತ್ಯೇಕ ಜಾಲ ಬೇಕು, ಅದಕ್ಕೆ 800 ಮೆಗಾಹರ್ಟ್ಸ್ ಪಟ್ಟಿಯಲ್ಲೇ ಬೇರೆ ತರಂಗಾಂತರ ಮೀಸಲಿಡಬೇಕು ಎಂದು ನಮ್ಮ ಟ್ರಾಯ್ 2018ರಲ್ಲಿ ಶಿಫಾರಸು ಮಾಡಿದೆ. ಆ ಪಟ್ಟಿಯ ಪಕ್ಕದಲ್ಲೇ ಮೊಬೈಲ್ ಕಂಪನಿಗಳ ತರಂಗಾಂತರವೂ ಇದೆ. ಬದು ಹಾಕುವ ಕೆಲಸ ಮೊದಲೇ ಆಗಲಿ ಎಂದು ಕೇಳುವ ಹಕ್ಕು ನೆರೆ ಬರುವ ನದಿ ದಂಡೆಯ ಊರಿನವರಿಗೆ, ಗುಡ್ಡ ಕುಸಿಯುವ ಮಲೆನಾಡಿನವರಿಗೆ ಎಲ್ಲರಿಗಿಂತ ಹೆಚ್ಚು ಇದೆ.

ನಮ್ಮ ಕೈಯಲ್ಲಿರುವ ಸಣ್ಣ ಕೆಲಸವೂ ಒಂದಿದೆ. ನೆಟ್‌ವರ್ಕ್ ಸಿಗುವುದಿಲ್ಲ ಎಂದು ಅನುಮತಿಯಿಲ್ಲದ ಬೂಸ್ಟರ್ ತಂದು ಮಾಳಿಗೆ ಮೇಲೆ ಹಾಕುವವರಿದ್ದಾರೆ. ಅವರ ಸಿಟ್ಟು ನಿಜವಾದದ್ದೇ. ಆದರೆ ಆ ಬೂಸ್ಟರ್ ಕಾನೂನಿಗೆ ವಿರುದ್ಧ. ಅದು ಎಬ್ಬಿಸುವ ಗದ್ದಲ ಪಕ್ಕದ ಮನೆಯವರು 112ಕ್ಕೆ ಮಾಡುವ ಕರೆಯನ್ನೂ ಕೆಡಿಸಬಹುದು. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ವಾಕಿಟಾಕಿಯೂ ಅಷ್ಟೇ. ಯಾವ ತರಂಗಾಂತರದ್ದು, ಲೈಸೆನ್ಸ್ ಬೇಕೋ ಬೇಡವೋ ಎಂದು ನೋಡಿಯೇ ಕೊಳ್ಳಿ. ನೆಟ್‌ವರ್ಕ್ ಇಲ್ಲದಿದ್ದರೆ ಊರಿನವರೆಲ್ಲ ಸೇರಿ ಅರ್ಜಿ ಬರೆದು ಟವರ್ ಕೇಳೋಣ. ಕಳೆನಾಶಕ ಪಕ್ಕದ ಹೊಲಕ್ಕೆ ಹಾರದಂತೆ ನೋಡಿಕೊಳ್ಳುವುದು ನಮಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲವಲ್ಲ.