ಮುಚ್ಚಳದ ಕೆಳಗೇನಿದೆ? ಸುಸ್ಥಿರ ಕಟ್ಟಡ ಮತ್ತು ತಪಾಸಣೆಯ ಪ್ರಶ್ನೆ

ಉತ್ತರ ಪ್ರದೇಶದ ಮೀರತ್‌ನ ಅನಧಿಕೃತ ಕಟ್ಟಡವೊಂದರ ಪ್ರಕರಣದಲ್ಲಿ 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪು ಬೆಂಗಳೂರಿನ ಮನೆ ಮಾಲೀಕರ ನಿದ್ದೆ ಕೆಡಿಸಿತು. ಸ್ವಾಧೀನ ಪ್ರಮಾಣಪತ್ರ (ಓಸಿ) ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ನೀಡುವಂತಿಲ್ಲ ಎಂಬ ನಿರ್ದೇಶನವೇ ಅದಕ್ಕೆ ಕಾರಣ. ಆನಂತರದ ಚರ್ಚೆಯೆಲ್ಲ ಸಂಪರ್ಕ ಸಿಗುವುದೋ ಇಲ್ಲವೋ ಎಂಬುದರ ಸುತ್ತಲೇ ಸುತ್ತಿತು. ಅದೇ ತೀರ್ಪಿನಲ್ಲಿದ್ದ ಮತ್ತೊಂದು ನಿರ್ದೇಶನ ಮರೆಗೆ ಸರಿಯಿತು: ನಿರ್ಮಾಣ ನಡೆಯುವಷ್ಟೂ ಕಾಲ ಮಂಜೂರಾದ ನಕ್ಷೆಯನ್ನು ಸ್ಥಳದಲ್ಲಿ ಪ್ರದರ್ಶಿಸಬೇಕು, ಅಧಿಕಾರಿಗಳು ನಿಯತವಾಗಿ ತಪಾಸಣೆ ನಡೆಸಬೇಕು, ಆ ತಪಾಸಣೆಯ ದಾಖಲೆ ಇಡಬೇಕು.

ಸುಸ್ಥಿರ ನಿರ್ಮಾಣದ ದೃಷ್ಟಿಯಿಂದ ಹೆಚ್ಚು ಮಹತ್ವದ್ದು ಈ ಎರಡನೆಯ ಮಾತೇ. ಕಟ್ಟಡದ ಎತ್ತರವನ್ನಾಗಲೀ, ಸುತ್ತ ಬಿಡಬೇಕಾದ ಜಾಗವನ್ನಾಗಲೀ ಕೆಲಸ ಮುಗಿದ ಮೇಲೂ ಅಳೆಯಬಹುದು. ಆದರೆ ಕಟ್ಟಡವನ್ನು ನಿಜಕ್ಕೂ ‘ಹಸಿರು’ ಮಾಡುವ ಅಂಶಗಳು ಬಹುಪಾಲು ಕಣ್ಣಿಗೆ ಕಾಣುವಂಥವಲ್ಲ. ಚಾವಣಿಯ ಶಾಖ ನಿರೋಧಕ ಪದರ ಸಿಮೆಂಟಿನಡಿ ಸೇರುತ್ತದೆ. ಶುದ್ಧೀಕರಿಸಿದ ನೀರನ್ನು ಶೌಚಾಲಯಕ್ಕೆ ಒಯ್ಯುವ ಪ್ರತ್ಯೇಕ ಕೊಳವೆ ಗೋಡೆಯೊಳಗೆ ಅಡಗುತ್ತದೆ. ಇಂಗುಗುಂಡಿಯಂತೂ ನೆಲದಡಿಯ ಸಂಗತಿ.

ಇಂಗುಗುಂಡಿಯ ಉದಾಹರಣೆಯನ್ನೇ ನೋಡಬಹುದು. ಬೆಂಗಳೂರು ಜಲಮಂಡಳಿ ಕಾಯ್ದೆಗೆ 2009ರಲ್ಲಿ ತಂದ ತಿದ್ದುಪಡಿಯು 30x40 ಅಡಿ ಹಾಗೂ ಅದಕ್ಕಿಂತ ದೊಡ್ಡ ನಿವೇಶನಗಳ ಹೊಸ ಕಟ್ಟಡಗಳಿಗೆ ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಿತು. ಇದರ ಹಿಂದಿನ ಲೆಕ್ಕ ಸರಳ. ನಗರದಲ್ಲಿ ವರ್ಷಕ್ಕೆ ಸರಾಸರಿ 970 ಮಿ.ಮೀ. ಆಸುಪಾಸಿನಲ್ಲಿ ಮಳೆಯಾಗುತ್ತದೆ, 100 ಚದರ ಮೀಟರ್ ಚಾವಣಿಯ ಮೇಲೆ ಬೀಳುವ ನೀರು ಹೆಚ್ಚೂಕಡಿಮೆ 97 ಸಾವಿರ ಲೀಟರ್. ಅದನ್ನು ಚರಂಡಿಗೆ ಬಿಟ್ಟು, ಸುಮಾರು 100 ಕಿ.ಮೀ. ದೂರದ ಕಾವೇರಿಯಿಂದ ನೀರನ್ನು ಮೇಲೆತ್ತಿ ತರುವುದು ಈ ನಗರದ ಪದ್ಧತಿ. 2024ರ ಬೇಸಿಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿದಾಗ ಆ ಪದ್ಧತಿಯ ಬೆಲೆ ಏನೆಂಬುದು ತಿಳಿಯಿತು.

ಕಾನೂನಿದೆ, ದಂಡವೂ ಇದೆ. ಮಳೆನೀರು ಸಂಗ್ರಹ ವ್ಯವಸ್ಥೆ ಇಲ್ಲದವರ ನೀರಿನ ಬಿಲ್ಲಿಗೆ ಹೆಚ್ಚುವರಿ ಮೊತ್ತ ಸೇರಿಸಲಾಗುತ್ತದೆ. ಅದನ್ನು ಕಟ್ಟಿ ಸುಮ್ಮನಾಗುವವರಿಗೂ ಕೊರತೆಯಿಲ್ಲ. ವ್ಯವಸ್ಥೆ ಇದೆ ಎನ್ನುವವರ ಮನೆಯಲ್ಲಾದರೂ ಕಾಣುವುದು ಒಂದು ಮುಚ್ಚಳ, ಒಂದು ಕೊಳವೆ. ಗುಂಡಿ ಎಷ್ಟು ಆಳವಿದೆ, ಸಿಮೆಂಟ್ ರಿಂಗುಗಳ ಸುತ್ತ ಜಲ್ಲಿ ತುಂಬಿದ್ದಾರೆಯೇ, ಹೆಚ್ಚಾದ ನೀರಿನ ಕೊಳವೆಯನ್ನು ಸದ್ದಿಲ್ಲದೆ ಒಳಚರಂಡಿಗೆ ಜೋಡಿಸಲಾಗಿದೆಯೇ ಎಂಬುದು ಅಗೆತ ನಡೆಯುವ ದಿನ ಬಂದು ನಿಂತವರಿಗೆ ಮಾತ್ರ ಗೊತ್ತಾಗುತ್ತದೆ. ಅಂದು ಅಲ್ಲಿ ತಪಾಸಣಾಧಿಕಾರಿ ಇರುವುದು ಅಪರೂಪ. ರಸ್ತೆ ಗುಂಡಿ, ಚರಂಡಿ ಹೂಳು ಎಂದು ಓಡಾಡುವ ವಾರ್ಡ್ ಎಂಜಿನಿಯರ್ ಹೆಗಲಿಗೇ ಕಟ್ಟಡ ನಿಯಮೋಲ್ಲಂಘನೆಯ ಹೊಣೆಯನ್ನೂ ಹೊರಿಸಿದ ವ್ಯವಸ್ಥೆಯಿಂದ ಬೇರೇನನ್ನು ನಿರೀಕ್ಷಿಸಲು ಸಾಧ್ಯ?

ಈ ನಡುವೆ ಆಡಳಿತದ ಒಲವು ತಪಾಸಣೆಯನ್ನು ಸಡಿಲಿಸುವ ಕಡೆಗೇ ಇದೆ. 2024ರಲ್ಲಿ ಬಂದ ‘ನಂಬಿಕೆ ನಕ್ಷೆ’ ಯೋಜನೆಯಡಿ 50x80 ಅಡಿವರೆಗಿನ ನಿವೇಶನಗಳ ವಸತಿ ಕಟ್ಟಡಗಳಿಗೆ ನೋಂದಾಯಿತ ಖಾಸಗಿ ಎಂಜಿನಿಯರ್ ಅಥವಾ ವಾಸ್ತುಶಿಲ್ಪಿಯ ಮೂಲಕವೇ ನಕ್ಷೆ ಪಡೆಯಬಹುದು. ಕಚೇರಿಗೆ ಅಲೆಯುವುದು, ಕೈಬಿಸಿ ಮಾಡುವುದು ತಪ್ಪಿದರೆ ಯಾರೂ ಅಳುವುದಿಲ್ಲ. ಆದರೆ ಮಾಲೀಕನಿಂದಲೇ ಸಂಭಾವನೆ ಪಡೆಯುವ ವ್ಯಕ್ತಿ ಮಾಲೀಕನ ತಪ್ಪನ್ನು ಬರೆದಿಡುವನೆಂಬ ನಂಬಿಕೆ ದುಬಾರಿಯಾದೀತು. 2025ರ ಅಕ್ಟೋಬರ್‌ನಲ್ಲಿ ಸರ್ಕಾರ 1,200 ಚದರ ಅಡಿವರೆಗಿನ ನಿವೇಶನಗಳ ಸಣ್ಣ ವಸತಿ ಕಟ್ಟಡಗಳಿಗೆ ಓಸಿಯಿಂದಲೇ ವಿನಾಯಿತಿ ನೀಡಿತು. ಕತ್ತಲಲ್ಲಿ ಕುಳಿತಿದ್ದ ಮಧ್ಯಮ ವರ್ಗದ ಕುಟುಂಬಗಳಿಗೆ ಅದು ಬೇಕಿತ್ತು, ನಿಜ. ಆದರೆ 30x40 ಎಂದರೆ ಅದೇ 1,200 ಚದರ ಅಡಿ. ಮಳೆನೀರು ಸಂಗ್ರಹ ಕಡ್ಡಾಯವಾಗುವ ಗಡಿಯಲ್ಲೇ ಕೊನೆಯ ತಪಾಸಣೆಯೂ ಕೈಬಿಟ್ಟುಹೋಗಿದೆ. ಇಂಥ ಮನೆಗಳೇ ನಗರದ ತುಂಬ ಇವೆ ಎಂಬುದು ವಿಪರ್ಯಾಸ.

ದೊಡ್ಡ ಕಟ್ಟಡಗಳ ಸವಾಲು ಬೇರೆ ಬಗೆಯದು. ಇಂಧನ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ ಸುಸ್ಥಿರ ಕಟ್ಟಡ ಸಂಹಿತೆಯ ವ್ಯಾಪ್ತಿಗೆ ದೊಡ್ಡ ವಸತಿ ಸಮುಚ್ಚಯಗಳನ್ನೂ ತರಲು ದಾರಿ ತೆರೆಯಿತು. ಕಿಟಕಿಯ ಗಾಜು ಎಷ್ಟು ಬಿಸಿಲನ್ನು ಒಳಗೆ ಬಿಡುತ್ತದೆ ಎಂದು ಪರೀಕ್ಷಿಸುವುದು ಟೇಪು ಹಿಡಿದು ಅಂಚು ಅಳೆಯುವುದಕ್ಕೆ ಒಗ್ಗಿದ ಸಿಬ್ಬಂದಿಯಿಂದ ಆಗುವ ಕೆಲಸವಲ್ಲ. ಅದಕ್ಕೆ ತರಬೇತಿ ಬೇಕು.

ತಪಾಸಣೆಯೆಂದರೆ ಲಂಚವೆಂಬ ಜನರ ಅನುಭವವನ್ನು ತಳ್ಳಿಹಾಕುವಂತಿಲ್ಲ. ಹಾಗೆಂದು 2019ರ ಮಾರ್ಚ್‌ನಲ್ಲಿ ಧಾರವಾಡದಲ್ಲಿ, 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಕಟ್ಟಡಗಳು ಕುಸಿದು ಜೀವಗಳು ಹೋದುದನ್ನು ಮರೆಯಲೂ ಆಗದು. ಪರಿಹಾರ ದುಬಾರಿಯೇನಲ್ಲ. ಪಾಯ, ಇಂಗುಗುಂಡಿ, ಚಾವಣಿ ಎಂಬ ಮೂರು ಹಂತಗಳಲ್ಲಿ, ಮಣ್ಣು ಮುಚ್ಚುವ ಮುನ್ನ, ದಿನಾಂಕ ಮತ್ತು ಸ್ಥಳ ದಾಖಲಾಗುವ ಛಾಯಾಚಿತ್ರ ತೆಗೆದು ಕಡತಕ್ಕೆ ಸೇರಿಸಬೇಕು. ಯಾವ ಮನೆಗೆ ಯಾವ ಅಧಿಕಾರಿ ಎಂಬುದನ್ನು ಗಣಕಯಂತ್ರ ನಿರ್ಧರಿಸಬೇಕು. ಈಗ ನಕ್ಷೆ ಪಾಲಿಕೆಯ ಬಳಿ, ತಿಂಗಳಿಗೊಮ್ಮೆ ಮನೆ ಬಾಗಿಲಿಗೆ ಹೋಗುವ ಮೀಟರ್ ರೀಡರ್ ಜಲಮಂಡಳಿಯ ಬಳಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಜಾಗದಲ್ಲಿ ಐದು ನಗರಪಾಲಿಕೆಗಳು ಅಸ್ತಿತ್ವಕ್ಕೆ ಬಂದ ಮೇಲೆ ಈ ಎರಡು ಕಡತಗಳನ್ನು ಒಂದುಗೂಡಿಸುವ ಹೊಣೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮೇಲಿದೆ.