ಖಾಲಿ ಕುರ್ಚಿಗೆ ನೋಟಿಸ್ ಕೊಡುವವರಾರು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಏಡೆಡ್ ಶಾಲೆಗಳ ಮೇಲೆ ಎಲ್ಲರಿಗೂ ಒಮ್ಮೆಲೇ ಸಿಟ್ಟು. ಪಗಾರ ಸರ್ಕಾರದ್ದು, ಬೋರ್ಡು ಸಂಸ್ಥೆಯದ್ದು, ಪಾಠಕ್ಕೆ ಗತಿಯಿಲ್ಲ, ಅನುದಾನ ನಿಲ್ಲಿಸಿ! ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಗಿರ್ಮಿಟ್ ತಿನ್ನುತ್ತ ಹೀಗೆ ತೀರ್ಪು ಕೊಡುವವರ ಮಕ್ಕಳು ಇಂಗ್ಲಿಷ್ ಮೀಡಿಯಂನವರು. ಗಿರ್ಮಿಟ್ ಕಟ್ಟಿಕೊಡುವವರ ಮಕ್ಕಳಲ್ಲವೇ ಏಡೆಡ್ ಶಾಲೆಯಲ್ಲಿ ಕೂತಿರುವುದು?

2025ರಲ್ಲಿ ಅನುದಾನರಹಿತ ಶಾಲೆಗಳು ಶೇ 75.59, ಸರ್ಕಾರಿ ಶಾಲೆಗಳು ಶೇ 62.7, ಅನುದಾನಿತ ಶಾಲೆಗಳು ಶೇ 58.97. ತಳ ಹಿಡಿದದ್ದು ನಿಜ. ಆದರೆ ಆ ಶಾಲೆಗಳಲ್ಲಿ ಗಣಿತದ ಮಾಸ್ತರು ಇದ್ದರೇ ಎಂದು ಯಾರಾದರೂ ಕೇಳಿದರೇ? ಮಾಸ್ತರು ರಿಟೈರ್ ಆದರೆ ಆ ಹುದ್ದೆ ತುಂಬಲು ಸರ್ಕಾರದ ಅನುಮತಿ ಬೇಕು. 2015ರ ಡಿಸೆಂಬರ್‌ವರೆಗೆ ಖಾಲಿಯಾದ ಹುದ್ದೆಗಳಿಗಷ್ಟೇ ಅನುಮತಿ ಎಂದು ವರ್ಷಗಟ್ಟಲೆ ಗೆರೆ ಎಳೆದು ಕೂತವರು ಬೆಂಗಳೂರಿನಲ್ಲಿದ್ದಾರೆ. 2015ರಲ್ಲಿ ಒಂದನೇ ಇಯತ್ತೆ ಸೇರಿದ ಮಗು 2025ರಲ್ಲಿ ಎಸ್ಸೆಸ್ಸೆಲ್ಸಿಗೆ ಕೂತಿತು. ಕಡತ ಮಾತ್ರ ಇನ್ನೂ ಒಂದನೇ ಇಯತ್ತೆಯಲ್ಲೇ ಇತ್ತು. ಫೇಲಾದವರು ಯಾರು ಸ್ವಾಮಿ?

ಆಡಳಿತ ಮಂಡಳಿಗಳೇನೂ ಹರಿಶ್ಚಂದ್ರನ ವಂಶದವಲ್ಲ. ಅನುಮತಿ ಸಿಕ್ಕ ಹುದ್ದೆಗೆ ‘ದೇಣಿಗೆ’ ಎಷ್ಟು ಎಂಬುದು ಪೇಟೆಗೆಲ್ಲ ಗೊತ್ತು. ಅದನ್ನು ಹಿಡಿಯಲು ಇಲಾಖೆಗೆ ಧೈರ್ಯವಿಲ್ಲ, ಹಾಗಾಗಿ ಫಲಿತಾಂಶ ಕುಸಿಯಿತೆಂದು ಉಳಿದಿರುವ ಮಾಸ್ತರು, ಅಕ್ಕೋರಿಗೆ ನೋಟಿಸ್.

ಇಲಾಖೆಯ ಔಷಧವೋ, ದೇವರಿಗೇ ಪ್ರೀತಿ. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂತು, ನಕಲು ನಿಂತಿತು, ಫಲಿತಾಂಶ ಕುಸಿಯಿತು. ಕೂಡಲೇ ಗ್ರೇಸ್ ಅಂಕವನ್ನು ಶೇ 20ಕ್ಕೆ ಏರಿಸಿ ಮುಖ ಉಳಿಸಿಕೊಂಡರು. ಮರುವರ್ಷ ಗ್ರೇಸ್ ಇಲ್ಲ, ರಾಜ್ಯದ ಫಲಿತಾಂಶ ಶೇ 73.40ರಿಂದ 66.14ಕ್ಕೆ. ಅದೇ 2025ರಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಪಾಸಿನ ಗೆರೆಯನ್ನೇ ಶೇ 35ರಿಂದ 33ಕ್ಕೆ ಇಳಿಸಿದರು. ಜ್ವರ ಇಳಿಯಲಿಲ್ಲವೆಂದು ಥರ್ಮಾಮೀಟರ್ ತಿದ್ದಿದಂತಾಯಿತು.

ಇದ್ದ ಮಾಸ್ತರರನ್ನಾದರೂ ಪಾಠಕ್ಕೆ ಬಿಟ್ಟರೇ? 2025ರ ಅಕ್ಟೋಬರ್‌ನಲ್ಲಿ ಅವರನ್ನು ಜಾತಿ ಸಮೀಕ್ಷೆಗೆ ಹಚ್ಚಿ, ದಸರಾ ರಜೆಯನ್ನು 18ರವರೆಗೆ ಎಳೆದರು. ಚುನಾವಣೆ ಬಂದರೂ ಮಾಸ್ತರು, ಗಣತಿ ಬಂದರೂ ಮಾಸ್ತರು. ಆಮೇಲೆ ಪಾಸಿಂಗ್ ಪ್ಯಾಕೇಜ್ ಹಂಚಿ, ಬೆಳಿಗ್ಗೆ ಸಂಜೆ ವಿಶೇಷ ತರಗತಿ ಎಂಬ ಸುತ್ತೋಲೆ!

ನಮ್ಮ ಧಾರವಾಡ ಜಿಲ್ಲೆ ಬೇರೆ ‘ವಿದ್ಯಾಕಾಶಿ’. 2024ರ ಎಸ್ಸೆಸ್ಸೆಲ್ಸಿಯಲ್ಲಿ ಈ ಕಾಶಿಗೆ ಸಿಕ್ಕ ಸ್ಥಾನ 22.

ನೋಟಿಸ್ ಹೋಗಲೇಬೇಕೆಂದರೆ ಹೋಗಲಿ, ಜೊತೆಗೆ ಒಂದು ಪಟ್ಟಿ ಲಗತ್ತಿಸಿ: ಆ ಶಾಲೆಯಲ್ಲಿ ಯಾವ ವಿಷಯದ ಹುದ್ದೆ ಯಾವ ವರ್ಷದಿಂದ ಖಾಲಿ, ಅದರ ಕಡತ ಈಗ ಯಾರ ಮೇಜಿನ ಮೇಲಿದೆ. ಆ ಮೇಜಿನವರ ಪಗಾರವನ್ನೇ ಮೊದಲು ತಡೆಯಿರಿ.