ಮಂಗನ ಕಾಯಿಲೆ ಮತ್ತು ಸಂಚಿನ ಕಥೆ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗರು ತೀವ್ರ ಜ್ವರ, ರಕ್ತಸ್ರಾವಗಳಿಂದ ನರಳಿದರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು, ಇದು ಉಣುಗಿನಿಂದ ಹರಡುವ ವೈರಾಣು ರೋಗವೆಂದು ಗುರುತಿಸಿದರು. ಆ ಕೇಂದ್ರಕ್ಕೆ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿತ್ತು. ಈ ವೈರಾಣು ರಷ್ಯದ ವೈರಾಣುವೊಂದಕ್ಕೆ ಸಮೀಪವೆಂದು ಕಂಡಾಗ ವಲಸೆ ಹಕ್ಕಿಗಳ ಮೇಲೆ ಅನುಮಾನ ಹೋಯಿತು. 1960ರ ದಶಕದಲ್ಲಿ ಹಕ್ಕಿಗಳ ಅಧ್ಯಯನಕ್ಕೆ ಅಮೆರಿಕದ ಸೇನೆಯ ಹಣವೂ ಬಂದಿತು. ಅಷ್ಟು ಸಾಕಾಯಿತು. ಅಮೆರಿಕವೇ ರೋಗವನ್ನು ತಂದುಬಿಟ್ಟಿತು, ಮಲೆನಾಡು ಜೈವಿಕ ಅಸ್ತ್ರದ ಪ್ರಯೋಗಶಾಲೆಯಾಯಿತು ಎಂಬ ಕಥೆ ಹುಟ್ಟಿಕೊಂಡಿತು.

ಅನುಮಾನ ಅಪರಾಧವಲ್ಲ. ಇಂಥ ವಿದೇಶಿ ನೆರವಿನ ಸಂಶೋಧನೆಗಳನ್ನು 1975ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ ಪ್ರಶ್ನಿಸಿತು. ಪ್ರಶ್ನಿಸಬೇಕಾದದ್ದೇ. ಆದರೆ ಪ್ರಶ್ನೆ ಬೇರೆ, ತೀರ್ಪು ಬೇರೆ. ಮಂಗಗಳು ಸತ್ತದ್ದರಿಂದ ವಿಜ್ಞಾನಿಗಳು ಕ್ಯಾಸನೂರಿಗೆ ಬಂದರು. ಕಥೆ ಈ ಕ್ರಮವನ್ನೇ ತಿರುವುಮುರುವು ಮಾಡಿತು. ಹಕ್ಕಿಗಳು ವೈರಾಣುವನ್ನು ತಂದವೆಂಬುದಕ್ಕೂ ಪುರಾವೆ ದೊರೆಯಲಿಲ್ಲ.

ಆದರೂ ಇಂಥ ಕಥೆಗಳು ಸಾಯುವುದಿಲ್ಲವೇಕೆ? ದೊಡ್ಡ ದುಃಖಕ್ಕೆ ಮನಸ್ಸು ದೊಡ್ಡ ಕಾರಣವನ್ನೇ ಹುಡುಕುತ್ತದೆ. ದರಕು ತರಲು ಹೋದ ಮಗ ಎಳ್ಳುಕಾಳಿನಷ್ಟು ಸಣ್ಣ ಉಣುಗು ಕಚ್ಚಿ ಸತ್ತನೆಂದು ಒಪ್ಪುವುದು ಕಷ್ಟ. ವೈರಿಗೊಂದು ಮುಖವಿದ್ದರೆ ಸಿಟ್ಟಿಗೆ ದಾರಿಯಾಗುತ್ತದೆ. ಆ ಮುಖ ಯಾರದೆಂಬುದನ್ನು ರಾಜಕೀಯ ನಿಲುವು ಮೊದಲೇ ಆರಿಸಿಟ್ಟಿರುತ್ತದೆ. ಪುರಾವೆ ಸಿಗದಿದ್ದರೆ, ಅದನ್ನು ಮುಚ್ಚಿಟ್ಟಿದ್ದಾರೆ ಎಂಬುದೇ ಪುರಾವೆಯಾಗುತ್ತದೆ.

ಈ ರೋಗ ಒಂದೇ ಪಕ್ಷದ್ದಲ್ಲ. 2013ರಲ್ಲಿ ಕಸ್ತೂರಿರಂಗನ್ ವರದಿ ಬಂದಾಗ, ಊರುಗಳನ್ನೇ ಒಕ್ಕಲೆಬ್ಬಿಸುವ ಸಂಚು ಇದೆಂಬ ಮಾತು ಘಟ್ಟದುದ್ದಕ್ಕೂ ಹಬ್ಬಿತು. ವರದಿ ಯಾರನ್ನೂ ಒಕ್ಕಲೆಬ್ಬಿಸಲು ಹೇಳಿರಲಿಲ್ಲ. ಹಾಗೆ ನಂಬಿದವರನ್ನು ಕಂಡು ಪರಿಸರಪ್ರಿಯರು ನಕ್ಕರು. ಆದರೆ ಬಹುರಾಷ್ಟ್ರೀಯ ಕಂಪನಿಯ ಹೆಸರು ಬಂದೊಡನೆ ಸಾಕ್ಷ್ಯ ಕೇಳದೆ ತಲೆಯಾಡಿಸುವವರು ಅದೇ ಪರಿಸರಪ್ರಿಯರಲ್ಲಿ ಇಲ್ಲವೇ? ಎದುರಾಳಿಯ ಮಾತನ್ನು ಅಳೆಯಲು ಒಂದು ಕೊಳಗ, ತಮ್ಮವರ ಮಾತಿಗೆ ಇನ್ನೊಂದು ಎಂದಾದರೆ ಚಳವಳಿಗೂ ವದಂತಿಗೂ ವ್ಯತ್ಯಾಸವೆಲ್ಲಿ ಉಳಿಯಿತು?

ಸಂಚಿನ ಕಥೆಯಿಂದ ಲಾಭ ಯಾರಿಗೆ? ಆಳುವವರಿಗೆ. ಅಪರಾಧಿ ಸಮುದ್ರದಾಚೆ ಇದ್ದರೆ ತಾಲ್ಲೂಕು ಆಸ್ಪತ್ರೆ ಉತ್ತರಿಸಬೇಕಿಲ್ಲ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಜನ ಸತ್ತರು. ದಶಕಗಳ ಕಾಲ ಕೊಟ್ಟ ಲಸಿಕೆಯ ರಕ್ಷಣೆ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಮೈಗೆ ಹಚ್ಚುವ ಎಣ್ಣೆ ಡಿಸೆಂಬರಿಗೆ ಮುನ್ನ ಮನೆಮನೆ ಸೇರಿತೇ? ಮಂಗ ಸತ್ತ ಸುದ್ದಿ ಕೊಟ್ಟರೆ ಎಷ್ಟು ದಿನಕ್ಕೆ ಸಿಬ್ಬಂದಿ ಬರುತ್ತಾರೆ? ಕಾಡು ಛಿದ್ರವಾಗಿ, ಅದರ ಅಂಚಿನಲ್ಲಿ ದನ, ಮಂಗ, ಮನುಷ್ಯರು ಒಂದೇ ಜಾಡಿನಲ್ಲಿ ಓಡಾಡುವಂತಾದದ್ದಕ್ಕೆ ಹೊಣೆ ಯಾರು? ಈ ಪ್ರಶ್ನೆಗಳಿಗೆ ಕಡತವಿದೆ, ಕಚೇರಿಯಿದೆ, ಸಹಿ ಹಾಕಿದ ಅಧಿಕಾರಿಯೂ ಇದ್ದಾನೆ.

ಮಲೆನಾಡಿನ ವಿದ್ಯಾರ್ಥಿಗಳು ಯಾವುದೇ ಸಂಚಿನ ಮಾತು ಕೇಳಿದಾಗ, ಅದು ತಮ್ಮ ಮೆಚ್ಚಿನ ನಾಯಕನ ಬಾಯಿಂದಲೇ ಬಂದಿದ್ದರೂ, ಒಂದು ಪ್ರಶ್ನೆ ಹಾಕಲಿ: ಈ ಮಾತು ಸುಳ್ಳೆಂದು ಒಪ್ಪಲು ಯಾವ ಸಾಕ್ಷ್ಯ ಸಾಕು? ಯಾವುದೂ ಸಾಲದು ಎಂಬ ಉತ್ತರ ಬಂದರೆ, ಅಲ್ಲಿ ಅನುಮಾನ ಮುಗಿದು ಭಕ್ತಿ ಆರಂಭವಾಗಿದೆಯೆಂದೇ ತಿಳಿಯಬೇಕು.